ದುಲ್ ಖಅದ್ ತಿಂಗಳಲ್ಲಿ ಹೊರಟ ರೈಲು

ಪವಿತ್ರ ಕುರ್‌ಆನಿನ ‘ಅನ್ನಿಸಾ’ ಅಧ್ಯಾಯದ 101 ಮತ್ತು 102ನೇ ಸೂಕ್ತಗಳು ಒಂದರ ಬೆನ್ನಿಗೆ ಒಂದು ಬರುತ್ತವೆ. ಮೊದಲನೆಯದು ಪ್ರಯಾಣಿಕನಿಗೆ ನಮಾಝನ್ನು ಮೊಟಕುಗೊಳಿಸುವ ರಿಯಾಯಿತಿಯನ್ನು ನೀಡುತ್ತದೆ. ಎರಡನೆಯದು ಶತ್ರುವಿನ ಮುಂದೆ ನಿಂತ ಪಡೆ ಯಾವ ರೀತಿಯಲ್ಲಿ ನಮಾಝ್ ನಿರ್ವಹಿಸಬೇಕೆಂದು ತಿಳಿಸುತ್ತದೆ. ಒಂದು ಗುಂಪು ಇಮಾಮರ ಹಿಂದೆ ನಿಲ್ಲಬೇಕು, ಇನ್ನೊಂದು ಕಾವಲು ಕಾಯಬೇಕು, ಬಳಿಕ ಸ್ಥಾನ ಬದಲಾಗಬೇಕು. ಪಯಣ ಮತ್ತು ಭಯ, ಇವೆರಡರ ನಡುವೆ ಒಂದು ಸೂಕ್ತದಷ್ಟೇ ಅಂತರ. ಪ್ರವಾದಿಯವರ(ಸ) ಕಾಲದಲ್ಲಿ ಈ ‘ಸಲಾತುಲ್ ಖೌಫ್’ ನಡೆದ ಸಂದರ್ಭಗಳಲ್ಲಿ ದಾತುರ್ರಿಕಾಅ್ ದಂಡಯಾತ್ರೆಯೂ ಒಂದು. ನಡೆದು ನಡೆದು ಪಾದಗಳು ಒಡೆದುಹೋದ ಸಹಾಬಿಗಳು ಕಾಲಿಗೆ ಚಿಂದಿ ಬಟ್ಟೆ ಸುತ್ತಿಕೊಂಡಿದ್ದರಿಂದ ಅದಕ್ಕೆ ಆ ಹೆಸರು ಬಂತೆಂದು ವರದಿಯಿದೆ.

ಈ ಪಾಠವನ್ನು ನಾವು ಮದ್ರಸದಲ್ಲಿ ಹಲವು ವರ್ಷಗಳಿಂದ ಬೋಧಿಸುತ್ತ ಬಂದಿದ್ದೇವೆ. ಮಕ್ಕಳನ್ನು ಎರಡು ಸಾಲಾಗಿ ನಿಲ್ಲಿಸಿ ಮಾಡಿ ತೋರಿಸಿದರೆ ಮಾತ್ರ ಅದು ತಲೆಗೆ ಹತ್ತುತ್ತದೆ. ಕಾವಲಿನ ಸಾಲಿನವರಿಗೆ ಮರದ ಅಡಿಕೋಲೇ ಖಡ್ಗ. ಒಂದು ವರ್ಷ ಏಳನೇ ತರಗತಿಯ ಹುಡುಗನೊಬ್ಬ ಕಾವಲಿನ ಸಾಲಿನಿಂದಲೇ ಕೇಳಿದ: “ಉಸ್ತಾದ್, ಆಚೆ ಕಡೆಯವರೂ ಅದೇ ಹೊತ್ತಿಗೆ ನಮಾಝ್ ಮಾಡ್ತಾ ಇದ್ರೆ?” ಉಳಿದ ಮಕ್ಕಳು ನಕ್ಕರು. ನಮಗೆ ನಗು ಬರಲಿಲ್ಲ. ಏಕೆಂದರೆ ಅದು ನಮ್ಮ ನಾಡಿನ ಯುವಕರ ಬದುಕಿನಲ್ಲೇ ನೂರು ವರ್ಷಗಳ ಹಿಂದೆ ನಿಜವಾಗಿ ನಡೆದ ಸಂಗತಿ.

1914ರ ಆಗಸ್ಟ್‌ನಲ್ಲಿ ಯುರೋಪಿನಲ್ಲಿ ಯುದ್ಧ ಆರಂಭವಾಯಿತು. ಮೈಸೂರಿನ ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರು ಯುದ್ಧನಿಧಿಗೆ 50 ಲಕ್ಷ ರೂಪಾಯಿ ನೀಡಿದರು. ಹಣದ ಜೊತೆಗೆ ಕುದುರೆ ಪಡೆಯೂ ಹೊರಟಿತು. ಮೈಸೂರು ಲ್ಯಾನ್ಸರ್ಸ್ ಎಂಬ ಆ ಪಡೆಯಲ್ಲಿ ಅರಸುಗಳಿದ್ದರು, ಮರಾಠರಿದ್ದರು, ಮುಸ್ಲಿಮರಿದ್ದರು. ಅಕ್ಟೋಬರ್ ಮಧ್ಯಭಾಗದಲ್ಲಿ ಅದು ಬೆಂಗಳೂರನ್ನು ಬಿಟ್ಟು ಹಡಗು ಹತ್ತಲು ಬೊಂಬಾಯಿಯ ಕಡೆಗೆ ಸಾಗಿತು. ಜೋಧಪುರ ಮತ್ತು ಹೈದರಾಬಾದ್ ಸಂಸ್ಥಾನಗಳ ಲ್ಯಾನ್ಸರ್‌ಗಳೊಂದಿಗೆ ಒಂದೇ ಬ್ರಿಗೇಡಿನಲ್ಲಿ ಸೇರಿದ ಈ ಪಡೆ ಈಜಿಪ್ಟ್, ಸಿನಾಯ್, ಗಾಝಾ, ಫೆಲೆಸ್ತೀನ್ ಮತ್ತು ಸಿರಿಯಾಗಳಲ್ಲಿ ನಾಲ್ಕು ವರ್ಷ ಹೋರಾಡಿತು. ದೆಹಲಿಯ ತೀನ್ ಮೂರ್ತಿ ವೃತ್ತದಲ್ಲಿ ನಿಂತಿರುವ ಮೂರು ಸೈನಿಕರ ಪ್ರತಿಮೆಗಳು ಈ ಮೂರು ಸಂಸ್ಥಾನಗಳವೇ. ದಿನವೂ ಆ ವೃತ್ತವನ್ನು ಸುತ್ತುವವರಲ್ಲಿ ಎಷ್ಟು ಜನರಿಗೆ ಅವುಗಳಲ್ಲೊಂದು ನಮ್ಮ ನಾಡಿನದೆಂದು ತಿಳಿದಿದೆಯೋ ಅಲ್ಲಾಹನೇ ಬಲ್ಲ.

ಹಿಜರಿ ಲೆಕ್ಕದಲ್ಲಿ ಅದು 1332ರ ದುಲ್ ಖಅದ್ ತಿಂಗಳ ಕೊನೆಯ ದಿನಗಳು. ಯುದ್ಧ ನಿಷಿದ್ಧವಾದ ನಾಲ್ಕು ಪವಿತ್ರ ತಿಂಗಳುಗಳಲ್ಲಿ ಮೂರು ಒಟ್ಟಿಗೆ ಬರುತ್ತವೆ. ದುಲ್ ಖಅದ್, ದುಲ್ ಹಜ್ಜ್, ಮುಹರ್ರಮ್. ಆ ಮೂರರ ಬಾಗಿಲಲ್ಲೇ ಈ ರೈಲು ಹೊರಟಿತ್ತು. ಅಜ್ಞಾನಕಾಲದ ಅರಬರು ಕೂಡ ಹಜ್ಜ್‌ಗೆ ಹೋಗುವವರಿಗೆ ದಾರಿ ನಿರ್ಭಯವಾಗಿರಲೆಂದು ಈ ತಿಂಗಳುಗಳಲ್ಲಿ ಖಡ್ಗಗಳನ್ನು ಒರೆಗೆ ಸೇರಿಸುತ್ತಿದ್ದರು. ಇಪ್ಪತ್ತನೇ ಶತಮಾನದ ನಾಗರಿಕ ಸರಕಾರಗಳಿಗೆ ಅಷ್ಟು ವ್ಯವಧಾನವಿರಲಿಲ್ಲ.

ಆ ರೈಲಿನಲ್ಲಿ ಇಪ್ಪತ್ತೊಂದೋ ಇಪ್ಪತ್ತೆರಡೋ ವರ್ಷದ ಒಬ್ಬ ಮುಸ್ಲಿಮ್ ಸವಾರನನ್ನು ಊಹಿಸಿಕೊಳ್ಳೋಣ. ಅವನಿಗೆ ಹೆಸರಿಡುವುದು ಬೇಡ. ಅವನ ತಾಯಿಗೆ ಬೊಂಬಾಯಿಯ ರೈಲು ಗೊತ್ತಿತ್ತು. ಅಂದಿನ ದಿನಗಳಲ್ಲಿ ನಮ್ಮ ಊರುಗಳಿಂದ ಬೊಂಬಾಯಿಯ ರೈಲು ಹತ್ತುತ್ತಿದ್ದವರು ವ್ಯಾಪಾರಿಗಳು, ಇಲ್ಲವೇ ಹಾಜಿಗಳು. ಹಜ್ಜ್‌ಗೆ ಹೊರಟವರ ಮನೆಗೆ ಕೇರಿಯವರೆಲ್ಲ ಬರುತ್ತಿದ್ದರು. ಆಡಿದ್ದು ಕೇಳಿದ್ದನ್ನೆಲ್ಲ ಮನ್ನಿಸಿರೆಂದು ಹೊರಡುವವರು ಕೈ ಹಿಡಿದು ಬೇಡುತ್ತಿದ್ದರು. ನಮ್ಮ ಕರಾವಳಿಯಲ್ಲಿ ಅದಕ್ಕೆ ‘ಪೊರುತ್ತ ಕೇಳುವುದು’ ಎನ್ನುತ್ತಾರೆ. ದಖನಿ ಮಾತನಾಡುವ ಒಳನಾಡಿನವರು ‘ಕಹಾ ಸುನಾ ಮಾಫ್’ ಎನ್ನುತ್ತಾರೆ. ಬಲತೋಳಿಗೆ ಬಟ್ಟೆಯಲ್ಲಿ ನಾಣ್ಯ ಸುತ್ತಿ ‘ಇಮಾಮ್ ಝಾಮಿನ್’ ಕಟ್ಟುವ ರೂಢಿಯೂ ಅವರಲ್ಲಿ ಇತ್ತು, ಈಗಲೂ ಅಲ್ಲಲ್ಲಿ ಇದೆ. ಸುರಕ್ಷಿತವಾಗಿ ತಲುಪಿದ ಮೇಲೆ ಆ ನಾಣ್ಯವನ್ನು ಬಡವರಿಗೆ ಕೊಡಬೇಕು. ಶರೀಅತ್ತಿನಲ್ಲಿ ಇದಕ್ಕೆ ಆಧಾರವಿದೆಯೇ ಎಂದು ಕೇಳಿದರೆ, ಇಲ್ಲವೆಂದೇ ನಾವು ಹೇಳುತ್ತೇವೆ. ಆದರೆ ನಿಲ್ದಾಣದಲ್ಲಿ ಮಗನ ತೋಳಿಗೆ ಗಂಟು ಹಾಕುತ್ತಿರುವ ತಾಯಿಯ ಬಳಿಗೆ ಹೋಗಿ ಫತ್ವಾ ಓದುವ ಧೈರ್ಯ ನಮಗಿಲ್ಲ. ಕೊನೆಗೆ ಬಡವನೊಬ್ಬನಿಗೆ ಸದಕಾ ಸಲ್ಲುತ್ತದಲ್ಲ, ಅಷ್ಟಾದರೂ ಒಳಿತಿದೆ.

ಅವಳು ಕಂಡ ಹಾಜಿಗಳು ಬಿಳಿ ಬಟ್ಟೆಯನ್ನು ಗಂಟು ಕಟ್ಟಿಕೊಂಡು ಹೋದವರು. ಇವನು ಖಾಕಿ ತೊಟ್ಟು ಹೋಗುತ್ತಿದ್ದಾನೆ. ಬಂದರು ಒಂದೇ, ಕಡಲೂ ಒಂದೇ. ಯಾರ ವಿರುದ್ಧ ಹೋರಾಡಲು ಹೋಗುತ್ತಿದ್ದೀಯ ಎಂದು ಆ ದಿನ ಅವನನ್ನು ಕೇಳಿದ್ದರೆ ‘ಜರ್ಮನರ ವಿರುದ್ಧ’ ಎಂದಷ್ಟೇ ಅವನು ಹೇಳಬಲ್ಲವನಾಗಿದ್ದ. ಏಕೆಂದರೆ ಆ ರೈಲು ಹೊರಟ ದಿನ ತುರ್ಕಿ ಇನ್ನೂ ಯುದ್ಧಕ್ಕೆ ಇಳಿದಿರಲಿಲ್ಲ. ಈ ಒಂದು ಸಂಗತಿಯನ್ನು ಓದುಗರು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು.

ರೈಲಿನಲ್ಲಿ ನಮಾಝಿನ ವಿಷಯವೂ ಅಂದು ಸರಳವಾಗಿರಲಿಲ್ಲ. ಫಿಖ್ಹ್‌ನ ಹಳೆಯ ಗ್ರಂಥಗಳಲ್ಲಿ ಒಂಟೆಯಿದೆ, ಕುದುರೆಯಿದೆ, ಹಡಗಿದೆ, ರೈಲಿಲ್ಲ. ಹಾಗಾಗಿ ರೈಲನ್ನು ಯಾವುದಕ್ಕೆ ಹೋಲಿಸಬೇಕೆಂಬ ಚರ್ಚೆ ನಮ್ಮ ದೇಶದ ವಿದ್ವಾಂಸರಲ್ಲಿ ಬಿರುಸಾಗಿಯೇ ನಡೆಯಿತು. ಹಡಗಿನಂತೆ ಅದೂ ಚಲಿಸುವ ನೆಲವೆಂದು ಭಾವಿಸಿ, ಅದರಲ್ಲಿ ಫರ್ಝ್ ನಮಾಝ್ ಸಿಂಧುವೆಂದು ಹಲವರು ಹೇಳಿದರು. ಅದೇ ಕಾಲದಲ್ಲಿ ಬರೇಲಿಯಲ್ಲಿದ್ದ ಇಮಾಂ ಅಹ್ಮದ್ ರಝಾ ಖಾನ್ ಒಪ್ಪಲಿಲ್ಲ. ನಡುಗಡಲಿನಲ್ಲಿ ಹಡಗನ್ನು ನಿಲ್ಲಿಸಿ ನೆಲಕ್ಕಿಳಿಯುವುದು ಯಾರಿಂದಲೂ ಆಗದು, ರೈಲನ್ನಾದರೋ ನಿಲ್ಲಿಸಬಹುದು. ಇಂಗ್ಲಿಷರ ಊಟಕ್ಕೆ ನಿಲ್ಲುವ ರೈಲು ನಮಾಝಿಗೆ ನಿಲ್ಲುವುದಿಲ್ಲವೆಂದಾದರೆ ಆ ಅಡ್ಡಿ ಮನುಷ್ಯರಿಂದ ಬಂದದ್ದು. ಆದ್ದರಿಂದ ಸಮಯ ಮೀರದಂತೆ ನಮಾಝ್ ಮಾಡಬೇಕು, ಬಳಿಕ ನೆಲದ ಮೇಲೆ ಮರಳಿ ನಿರ್ವಹಿಸಬೇಕು ಎಂಬುದು ಅವರ ವಾದದ ಸಾರ. ಈ ತೀರ್ಪನ್ನು ಎಲ್ಲರೂ ಒಪ್ಪಬೇಕೆಂದಿಲ್ಲ. ಶಾಫಿಈಗಳಾದ ನಮ್ಮ ಲೆಕ್ಕಾಚಾರವೇ ಬೇರೆ. ಆದರೆ ಆ ವಾದದೊಳಗಿನ ಪ್ರಶ್ನೆ ಬಹಳ ಹರಿತವಾದದ್ದು: ಈ ರೈಲು ಯಾರಿಗಾಗಿ ನಿಲ್ಲುತ್ತದೆ, ಯಾರಿಗಾಗಿ ನಿಲ್ಲುವುದಿಲ್ಲ?

ನಮ್ಮ ಸವಾರನಿಗಾಗಿ ಅದು ನಿಲ್ಲುತ್ತಿರಲಿಲ್ಲ. ಕುದುರೆಗಳಿಗೆ ನೀರು ಕುಡಿಸಲು ನಿಂತಾಗ ಅವನೂ ಇಳಿದು ವುಝೂ ಮಾಡಿರಬಹುದು.

ಮುಂದಿನ ದಿನಾಂಕಗಳನ್ನು ಒಂದೊಂದಾಗಿ ನೋಡಿ. ಅಕ್ಟೋಬರ್ 29ರಂದು ತುರ್ಕಿಯ ಯುದ್ಧನೌಕೆಗಳು ಕಪ್ಪು ಸಮುದ್ರದಲ್ಲಿ ರಷ್ಯದ ಬಂದರುಗಳ ಮೇಲೆ ದಾಳಿ ನಡೆಸಿದವು. ಅದು ಅರಫಾ ದಿನದ ಆಸುಪಾಸು. ಮಾರನೆಯ ದಿನಗಳಲ್ಲೇ ಬಕ್ರೀದ್. ನವೆಂಬರ್ 5ರಂದು ಬ್ರಿಟನ್ ತುರ್ಕಿಯ ಮೇಲೆ ಯುದ್ಧ ಸಾರಿತು. ನವೆಂಬರ್ 14ರಂದು ಇಸ್ತಾಂಬುಲಿನ ಫಾತಿಹ್ ಮಸೀದಿಯಲ್ಲಿ ಖಲೀಫರ ಹೆಸರಿನಲ್ಲಿ ಜಿಹಾದಿನ ಫತ್ವಾ ಓದಲಾಯಿತು. ಬ್ರಿಟಿಷರ ಪರವಾಗಿ ಖಲೀಫರ ವಿರುದ್ಧ ಆಯುಧ ಎತ್ತುವುದು ಮುಸ್ಲಿಮರಿಗೆ ಮಹಾಪಾಪವೆಂದು ಅದು ಸಾರಿತು. ಅದೇ ತಿಂಗಳಲ್ಲಿ ನಮ್ಮ ಲ್ಯಾನ್ಸರ್‌ಗಳ ಬ್ರಿಗೇಡ್ ಸೂಯೆಝಿನಲ್ಲಿ ಇಳಿಯಿತು. ಕಾಲುವೆಯ ಆಚೆ ಮರುಭೂಮಿ, ಮರುಭೂಮಿಯ ಆಚೆ ತುರ್ಕಿ ಸೇನೆ. ಶತ್ರುವಿನ ಹೆಸರು ಬದಲಾದದ್ದು ಅವನು ಮನೆ ಬಿಟ್ಟ ಬಳಿಕ. ರೈಲು ಹತ್ತುವಾಗ ಅವನು ಕೊಟ್ಟ ಒಪ್ಪಿಗೆ ಒಂದಕ್ಕೆ, ಹಡಗಿನಿಂದ ಇಳಿದಾಗ ಎದುರಾದದ್ದು ಇನ್ನೊಂದು.

ಆ ಕಡಲ ದಾರಿಯಲ್ಲಿ ಇನ್ನೊಂದು ಸಂಗತಿಯಿದೆ. ಏಡನ್ ದಾಟಿ ಕೆಂಪು ಸಮುದ್ರಕ್ಕೆ ಬಂದ ಹಡಗು ಬಲಬದಿಯಲ್ಲಿ ಯಲಮ್‌ಲಮ್‌ನ ನೇರಕ್ಕೆ ಬರುತ್ತದೆ. ಭಾರತದ ಹಾಜಿಗಳು ಹಡಗಿನಲ್ಲಿ ಇಹ್ರಾಮ್ ತೊಡುತ್ತಿದ್ದ ಎಲ್ಲೆ ಅದು. ಸವಾರನ ಹಡಗೂ ಅದೇ ನೀರಿನ ಮೇಲೆ ಹಾದುಹೋಯಿತು, ಜಿದ್ದಾದ ಕಡೆಗೆ ತಿರುಗದೆ ನೇರ ಉತ್ತರಕ್ಕೆ. ಕೆಳಗಿನ ಅಂತಸ್ತಿನಲ್ಲಿ ಕುದುರೆಗಳು ವಾರಗಟ್ಟಲೆ ನಿಂತೇ ಇದ್ದವು. ಹಡಗಿನಲ್ಲಿ ಕುದುರೆಗೆ ಮಲಗಲು ಜಾಗವಿರುವುದಿಲ್ಲ. ಅವುಗಳ ಮೈ ತಿಕ್ಕಿ ಮೇಲೆ ಬಂದವನು ನಮಾಝಿಗೆ ನಿಂತಾಗ ಖಿಬ್ಲಾ ಯಾವ ಕಡೆ? ಹುಟ್ಟಿದಂದಿನಿಂದ ಅವನಿಗೆ ಖಿಬ್ಲಾ ಎಂದರೆ ಪಶ್ಚಿಮ. ನಮ್ಮ ಹಳ್ಳಿಗಳಲ್ಲಿ ‘ಪಡುವಣ ದಿಕ್ಕು’ ಎನ್ನುವ ಬದಲು ‘ಖಿಬ್ಲಾದ ಕಡೆ’ ಎನ್ನುವವರೂ ಇದ್ದಾರೆ. ಏಡನ್ನಿನಲ್ಲಿ ಅದು ವಾಯವ್ಯಕ್ಕೆ ತಿರುಗಿತು, ಜಿದ್ದಾದ ಎದುರು ಪೂರ್ವಕ್ಕೆ ಬಂತು, ಸೂಯೆಝಿನಲ್ಲಿ ಆಗ್ನೇಯಕ್ಕೆ. ನಾಲ್ಕು ವರ್ಷಗಳ ಬಳಿಕ ಹೈಫಾದಲ್ಲಿ ಅವನು ದಕ್ಷಿಣಕ್ಕೆ ಮುಖಮಾಡಿ ನಿಲ್ಲಬೇಕಾಗಿತ್ತು. ಮಕ್ಕಾ ಇದ್ದಲ್ಲಿಯೇ ಇತ್ತು. ಅವನನ್ನೇ ಅದರ ಸುತ್ತ ಅರ್ಧ ಸುತ್ತು ಒಯ್ಯಲಾಯಿತು.

ಇಂತಹ ಯುವಕ ಅಂದು ಯಾರನ್ನು ಕೇಳಬೇಕಿತ್ತು? ಇದು ಉಸ್ತಾದರಾದ ನಮ್ಮನ್ನು ಬಹುವಾಗಿ ಕಾಡುವ ಪ್ರಶ್ನೆ. ಹೈದರಾಬಾದಿನ ನಿಝಾಮ್ ಮೀರ್ ಉಸ್ಮಾನ್ ಅಲಿ ಖಾನ್ ಬ್ರಿಟಿಷರಿಗೆ ನಿಷ್ಠರಾಗಿರುವಂತೆ ಮುಸ್ಲಿಮರಿಗೆ ಕರೆ ಕೊಟ್ಟರು. ಆಗಾ ಖಾನರೂ ಅದನ್ನೇ ಹೇಳಿದರು. ಪವಿತ್ರ ಸ್ಥಳಗಳ ಮೇಲೆ ದಾಳಿ ಮಾಡುವುದಿಲ್ಲವೆಂದು ಸರಕಾರವು ಘೋಷಣೆ ಹೊರಡಿಸಿತು. ಭಿನ್ನವಾಗಿ ಮಾತನಾಡಬಲ್ಲವರ ಬಾಯಿ ಒಂದೊಂದಾಗಿ ಮುಚ್ಚಿತು. ಮೌಲಾನಾ ಆಝಾದರ ‘ಅಲ್ ಹಿಲಾಲ್’ ಮತ್ತು ಮುಹಮ್ಮದ್ ಅಲಿಯವರ ‘ಕಾಮ್ರೇಡ್’ ಎರಡೂ ಆ ನವೆಂಬರ್‌ನಲ್ಲೇ ನಿಂತುಹೋದವು. ಅಲಿ ಸಹೋದರರನ್ನು 1915ರಲ್ಲಿ ನಿರ್ಬಂಧದಲ್ಲಿಟ್ಟರು, ಆಝಾದರನ್ನು 1916ರಲ್ಲಿ ರಾಂಚಿಗೆ ಕಳುಹಿಸಿದರು. ದೇವಬಂದಿನ ಹಿರಿಯ ಗುರು ಮೌಲಾನಾ ಮಹ್ಮೂದ್ ಹಸನ್ ಹಿಜಾಝಿನಲ್ಲಿ ಬಂಧಿತರಾಗಿ ಮಾಲ್ಟಾ ದ್ವೀಪದಲ್ಲಿ ಸೆರೆವಾಸ ಅನುಭವಿಸಿ 1920ರಲ್ಲಷ್ಟೇ ಬಿಡುಗಡೆಯಾದರು. ಹೀಗೆ, ಮಾತನಾಡಲು ಅವಕಾಶ ಇದ್ದವರೆಲ್ಲ ‘ಹೋಗು’ ಎಂದರು. ‘ಸ್ವಲ್ಪ ನಿಲ್ಲು’ ಎನ್ನಬಹುದಾಗಿದ್ದವರು ಕೂಡಿಹಾಕಲ್ಪಟ್ಟಿದ್ದರು.

ಇಲ್ಲಿ ಅಹ್ನಫ್ ಬಿನ್ ಕೈಸ್‌ರ ನೆನಪಾಗುತ್ತದೆ. ಮುಸ್ಲಿಮರೊಳಗಿನ ಕಲಹದ ದಿನಗಳಲ್ಲಿ ಅವರು ಅಲಿಯವರಿಗೆ(ರ) ನೆರವಾಗಲು ಆಯುಧ ಹಿಡಿದು ಹೊರಟಿದ್ದರು. ದಾರಿಯಲ್ಲಿ ಸಹಾಬಿ ಅಬೂ ಬಕ್‌ರಾ(ರ) ಎದುರಾದರು. ಇವರು ಪ್ರಥಮ ಖಲೀಫರಲ್ಲ, ಬಸ್ರಾದಲ್ಲಿ ನೆಲೆಸಿದ್ದ ಬೇರೊಬ್ಬರು. ಎಲ್ಲಿಗೆ ಹೊರಟಿರಿ ಎಂದು ವಿಚಾರಿಸಿದ ಅವರು, ಹಿಂದಿರುಗಿ ಎಂದು ಹೇಳಿ, ಇಬ್ಬರು ಮುಸ್ಲಿಮರು ಖಡ್ಗ ಹಿಡಿದು ಪರಸ್ಪರ ಎದುರಾಗುವುದರ ಬಗ್ಗೆ ಪ್ರವಾದಿಯವರು(ಸ) ನೀಡಿದ ಎಚ್ಚರಿಕೆಯನ್ನು ತಿಳಿಸಿದರು. ಕೊಂದವನ ಗತಿಯಷ್ಟೇ ಅಲ್ಲ, ಸತ್ತವನ ಗತಿಯೂ ಆ ಹದೀಸಿನಲ್ಲಿದೆ. ಅವನೂ ಎದುರಾಳಿಯನ್ನು ಕೊಲ್ಲುವ ಹಂಬಲದಲ್ಲೇ ಇದ್ದನಲ್ಲ! ಸಹೀಹುಲ್ ಬುಖಾರಿಯಲ್ಲಿ ಇದು ಈಮಾನಿನ ಅಧ್ಯಾಯದಲ್ಲೇ ಬಂದಿದೆ, ಯುದ್ಧದ ಅಧ್ಯಾಯಕ್ಕಾಗಿ ಕಾದಿಲ್ಲ. ನಾವು ಇದನ್ನು ಪಾಠ ಮಾಡುವಾಗ ಹದೀಸಿನ ಅರ್ಥದಷ್ಟೇ ಅದರ ಸಂದರ್ಭವನ್ನೂ ಮಕ್ಕಳಿಗೆ ಒತ್ತಿ ಹೇಳುತ್ತೇವೆ. ಅಹ್ನಫ್‌ರಿಗೆ ದಾರಿಯಲ್ಲಿ ಒಬ್ಬರು ಸಿಕ್ಕಿದ್ದರು. ಬೆಂಗಳೂರಿನಿಂದ ಬೊಂಬಾಯಿಯವರೆಗಿನ ಅಷ್ಟೂ ನಿಲ್ದಾಣಗಳಲ್ಲಿ ಈ ಹುಡುಗನಿಗೆ ಯಾರೂ ಸಿಗಲಿಲ್ಲ.

ಬಳಿಕ ಕೆಲವರು ತಾವಾಗಿಯೇ ‘ಒಲ್ಲೆವು’ ಎಂದರು. 1915ರ ಫೆಬ್ರವರಿ 15ರಂದು ಸಿಂಗಾಪುರದಲ್ಲಿ 5ನೇ ಲೈಟ್ ಇನ್‌ಫೆಂಟ್ರಿಯ ಮುಸ್ಲಿಮ್ ಸಿಪಾಯಿಗಳು ದಂಗೆ ಎದ್ದರು. ಅವರನ್ನು ಹಾಂಗ್‌ಕಾಂಗ್‌ಗೆ ಕಳುಹಿಸಲು ಆದೇಶವಾಗಿತ್ತು. ತುರ್ಕಿಯ ವಿರುದ್ಧ ಕಳುಹಿಸುತ್ತಾರೆಂಬ ವದಂತಿ ಬ್ಯಾರಕ್ಕಿನಲ್ಲಿ ಹಬ್ಬಿತ್ತು. ದಂಗೆಯಲ್ಲಿ ನಿರಪರಾಧಿಗಳಾದ ನಾಗರಿಕರೂ ಸತ್ತರು, ಅದನ್ನು ಸಮರ್ಥಿಸುವಂತಿಲ್ಲ. ವಿಚಾರಣೆಯ ನಂತರ 47 ಮಂದಿಯನ್ನು ಜೈಲಿನ ಗೋಡೆಗೆ ನಿಲ್ಲಿಸಿ, ಜನರ ಕಣ್ಣೆದುರಿಗೆ ಗುಂಡಿಕ್ಕಿ ಕೊಂದರು. ಮರುವರ್ಷ ಬಸ್ರಾದಲ್ಲಿ 15ನೇ ಲ್ಯಾನ್ಸರ್ಸ್‌ನ ನೂರಾರು ಸವಾರರು ದಂಗೆ ಏಳಲಿಲ್ಲ. ತುರ್ಕಿಯ ವಿರುದ್ಧ ಸಾಗುವುದಿಲ್ಲ ಎಂದಷ್ಟೇ ಹೇಳಿದರು. ಅವರನ್ನು ಅಂಡಮಾನಿಗೆ ಸಾಗಿಸಿದರು. ಇನ್ನೊಂದು ಕಡೆ ಒಂದೇ ಮನೆಯ ಇಬ್ಬರು ಸೋದರರ ಕಥೆಯೂ ಇದೆ. ಅಫ್ರೀದಿ ಪಠಾಣರಾದ ಮೀರ್ ಮಸ್ತ್ 1915ರ ಮಾರ್ಚ್‌ನಲ್ಲಿ ಫ್ರಾನ್ಸಿನ ಕಂದಕಗಳಿಂದ ರಾತ್ರೋರಾತ್ರಿ ಜರ್ಮನರ ಕಡೆ ದಾಟಿಹೋದರು. ಮುಂದಿನ ತಿಂಗಳು ಈಪರ್‌ನಲ್ಲಿ ವಿಷಾನಿಲದ ನಡುವೆ ತೋರಿದ ಶೌರ್ಯಕ್ಕಾಗಿ ಅವರ ಸೋದರ ಮೀರ್ ದಸ್ತ್ ಬ್ರಿಟಿಷರ ಅತ್ಯುನ್ನತ ಪದಕವಾದ ವಿಕ್ಟೋರಿಯಾ ಕ್ರಾಸ್ ಪಡೆದರು. ಒಂದೇ ತಾಯಿಯ ಕೈತುತ್ತು ಉಂಡವರು.

ಹೋದವರನ್ನು ಏನೆಂದು ಕರೆಯಬೇಕು? ಕೆಲವು ವೇದಿಕೆಗಳಲ್ಲಿ ಅವರನ್ನು ವೀರರೆಂದು ಹಾಡಿ ಹೊಗಳುತ್ತಾರೆ, ನಮ್ಮವರೇ ಕೆಲವರು ದ್ರೋಹಿಗಳೆಂದು ಒಂದೇ ಉಸಿರಿಗೆ ತೀರ್ಪು ಕೊಡುತ್ತಾರೆ. ಎರಡೂ ಅಗ್ಗದ ಕೆಲಸ. ಬದ್ರ್‌ನ ಪ್ರಸಂಗವನ್ನು ಗಮನಿಸಿ. ಪ್ರವಾದಿಯವರ(ಸ) ಚಿಕ್ಕಪ್ಪ ಅಬ್ಬಾಸ್(ರ) ಅಂದು ಮಕ್ಕಾದವರ ಸೇನೆಯಲ್ಲಿದ್ದರು. ಮನಸ್ಸಿಲ್ಲದೆ ಹೊರಡಿಸಿ ಕರೆತರಲಾದವರನ್ನು ಕೊಲ್ಲಬೇಡಿರೆಂದು ಪ್ರವಾದಿಯವರು(ಸ) ತಮ್ಮವರಿಗೆ ಸೂಚಿಸಿದ್ದರೆಂದು ಸೀರತ್ ಗ್ರಂಥಗಳು ಹೇಳುತ್ತವೆ. ಆದರೆ ಅಬ್ಬಾಸ್(ರ) ಸೆರೆಯಾಗಿ ಬಂದು, ತಮ್ಮನ್ನು ಬಲವಂತವಾಗಿ ಕರೆತಂದರೆಂದು ಹೇಳಿಕೊಂಡಾಗ ಬಿಡುಗಡೆಯ ಹಣದಿಂದ ವಿನಾಯಿತಿ ದೊರೆಯಲಿಲ್ಲ. ಒಳಗಿನದನ್ನು ಅಲ್ಲಾಹನು ಬಲ್ಲ, ಕಂಡದ್ದು ಮಾತ್ರ ನಮ್ಮ ಎದುರು ನಿಂತದ್ದು ಎಂಬುದು ಅಂದಿನ ನಿಲುವು. ಬಲವಂತಕ್ಕೆ ಅಲ್ಲಿ ತೂಕವಿತ್ತು, ಪೂರ್ತಿ ಮಾಫಿ ಇರಲಿಲ್ಲ. ಬ್ರಿಟಿಷ್ ಇಂಡಿಯನ್ ಸೇನೆಯ ಸಿಪಾಯಿಗೆ ಅಂದು ತಿಂಗಳಿಗೆ 11 ರೂಪಾಯಿ ಸಂಬಳ. ಮಳೆ ಕೈಕೊಟ್ಟ ವರ್ಷ ಆ 11 ರೂಪಾಯಿ ಎಷ್ಟು ಬಲವಂತದ್ದೆಂದು ರೈತರ ಮನೆಯಲ್ಲಿ ಹುಟ್ಟಿದವರಿಗೆ ವಿವರಿಸಬೇಕಿಲ್ಲ. ಆ ಯುದ್ಧದಲ್ಲಿ ಪ್ರಾಣ ತೆತ್ತ ಭಾರತೀಯ ಸೈನಿಕರ ಸಂಖ್ಯೆ 74,000ಕ್ಕೂ ಹೆಚ್ಚು.

1918ರ ಸೆಪ್ಟೆಂಬರ್ 23ರಂದು ಹೈಫಾ. ಲೆಕ್ಕ ಹಾಕಿ ನೋಡಿದರೆ ಅದೂ ದುಲ್ ಹಜ್ಜ್ ತಿಂಗಳೇ. ಬಕ್ರೀದ್ ಕಳೆದು ವಾರವಷ್ಟೇ ಆಗಿತ್ತು. ಜೋಧಪುರದ ಸವಾರರು ಪಟ್ಟಣದ ಮೇಲೆ ಎರಗಿದರು, ಮೈಸೂರಿನವರ ಒಂದು ತುಕಡಿ ಕಾರ್ಮೆಲ್ ಬೆಟ್ಟವನ್ನೇರಿ ಮೇಲಿದ್ದ ಫಿರಂಗಿಗಳನ್ನು ವಶಪಡಿಸಿಕೊಂಡಿತು. ಮೆಷಿನ್ ಗನ್‌ಗಳಿಗೆ ಈಟಿಗಳಿಂದ ಉತ್ತರಿಸಿದ ದಿನ ಅದು. ಬ್ರಿಗೇಡಿನ ಕಡೆ 8 ಮಂದಿ ಸತ್ತರು, 34 ಮಂದಿ ಗಾಯಗೊಂಡರು, 60 ಕುದುರೆಗಳು ಸತ್ತವು. ಸೆರೆಸಿಕ್ಕವರು ಸುಮಾರು 1,350 ಮಂದಿ. ಹೈದರಾಬಾದಿನ ಲ್ಯಾನ್ಸರ್‌ಗಳು ಅಂದಿನ ದಾಳಿಯಲ್ಲಿ ಇರಲಿಲ್ಲ. ಮದ್ರಸದ ಹುಡುಗ ಕೇಳಿದ್ದು ಇಲ್ಲಿ ಅಕ್ಷರಶಃ ನಡೆದಿರಬೇಕು. ಬೆಟ್ಟದ ಮೇಲಿದ್ದ ಅನಾತೋಲಿಯದ ಸಿಪಾಯಿಯೂ ಬೆಟ್ಟದ ಕೆಳಗಿದ್ದ ಮೈಸೂರಿನ ಸವಾರನೂ ಆ ಮುಂಜಾನೆ ಫಜ್ರ್‌ಗೆ ಎದ್ದಿದ್ದರೆ, ಇಬ್ಬರೂ ದಕ್ಷಿಣಕ್ಕೇ ಮುಖ ಮಾಡಿದ್ದಾರೆ. ಸಲಾತುಲ್ ಖೌಫ್‌ನ ಯಾವ ಗ್ರಂಥದಲ್ಲೂ ಇಂತಹ ಸಾಲುಗಳ ಚಿತ್ರವನ್ನು ನಾವು ಕಂಡಿಲ್ಲ.

2024ರ ಮಳೆಗಾಲ ಮುಗಿದ ಹೊತ್ತಿಗೆ ಕೆಲಸದ ನಿಮಿತ್ತ ನಾವು ಕರಾವಳಿಯಿಂದ ಬೆಂಗಳೂರಿಗೆ ರಾತ್ರಿಯ ರೈಲಿನಲ್ಲಿ ಹೋಗುತ್ತಿದ್ದೆವು. ಹಾಸನದಲ್ಲಿ ಒಬ್ಬ ಯುವಕ ಕಪ್ಪು ಟ್ರಂಕೊಂದನ್ನು ಎತ್ತಿಕೊಂಡು ನಮ್ಮ ಬೋಗಿಗೆ ಹತ್ತಿದ. ಕತ್ತರಿಸಿದ ಕೂದಲು ನೋಡಿದೊಡನೆ ಸೈನಿಕನೆಂದು ತಿಳಿಯಿತು. ಹತ್ತಿದ ಮರುಕ್ಷಣವೇ ತಾಯಿಯ ಫೋನು. “ಸೀಟ್ ಸಿಕ್ತಮ್ಮ, ಮಲ್ಕೋ ನೀನು” ಎಂದ. ಹತ್ತು ನಿಮಿಷಕ್ಕೆ ಮತ್ತೆ ಫೋನು. ಆಮೇಲೆ ನಮ್ಮ ಕಡೆ ತಿರುಗಿ, “ಸಾಬ್ರೇ, ಲೈಟ್ ಆರಿಸ್ಲಾ? ನಿಮ್ಗೆ ತೊಂದ್ರೆ ಆಯ್ತೇನೋ” ಎಂದು ಕೇಳಿದ. ಇಬ್ಬರಿಗೂ ನಿದ್ದೆ ಬರಲಿಲ್ಲ, ಮಾತು ಬಂತು. ಅವನು ದೆಹಲಿಗೆ ಹೋಗಿ ತನ್ನ ತಂಡವನ್ನು ಸೇರಿ, ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಯಲ್ಲಿ ಲೆಬನಾನಿಗೆ ಹೋಗುವವನಿದ್ದ. ಆ ದಿನಗಳಲ್ಲಿ ದಕ್ಷಿಣ ಲೆಬನಾನ್ ಹೊತ್ತಿ ಉರಿಯುತ್ತಿತ್ತು. ಭಾರತದ ಪಡೆ ಅಲ್ಲಿ 1998ರಿಂದ ಇದೆ.

“ಮನೇಲಿ ಹೇಳಿದೀಯಾ, ಎಲ್ಲಿಗೆ ಹೋಗ್ತಾ ಇರೋದು ಅಂತ?” ಎಂದು ಕೇಳಿದೆವು.

“ಫಾರಿನ್‌ಗೆ ಅಂದಿದೀನಿ. ಶಾಂತಿ ಕಾಯೋ ಕೆಲ್ಸ ಅಂದ್ರೆ ಅಮ್ಮ, ಅಲ್ಲಿ ಶಾಂತಿ ಇದ್ರೆ ನಿಮ್ಮನ್ಯಾಕೆ ಕರೀತಾರೆ ಅಂದ್ಲು. ಅವಳಿಗೆ ಟೀವಿ ನೋಡೋದು ಜಾಸ್ತಿ.”

ಹೈಫಾದ ವಿಷಯ ಅವನಿಗೆ ಹೇಳಿದೆವು. ಅವನು ಹೋಗುವ ಗುಡ್ಡಗಾಡಿನಿಂದ ಹೈಫಾ ಬಹಳ ದೂರವಿಲ್ಲ. ಗಡಿಯೊಂದು ಇಲ್ಲದಿದ್ದರೆ ಮಧ್ಯಾಹ್ನದೊಳಗೆ ಹೋಗಿ ಬರಬಹುದಾದ ಊರು. ನಮ್ಮ ಮೈಸೂರಿನವರು ಕುದುರೆ ಏರಿ ಅಲ್ಲಿಗೆ ಹೋಗಿದ್ದರೆಂದಾಗ ಅವನು ಎದ್ದು ಕುಳಿತ. ಬಹಳ ಹೊತ್ತು ಸುಮ್ಮನಿದ್ದು, “ಅವ್ರಿಗೆ ಗೊತ್ತಿತ್ತಾ ಸಾಬ್ರೇ, ಎಲ್ಲಿಗೆ ಹೋಗ್ತಿದೀವಿ ಅಂತ?” ಎಂದು ಕೇಳಿದ. ಹೊರಡುವಾಗ ಗೊತ್ತಿರಲಿಲ್ಲ ಎಂದೆವು. “ನಂಗೆ ಗೊತ್ತು, ಅಷ್ಟು ಪರವಾಗಿಲ್ಲ” ಎಂದ.

ಕುಣಿಗಲ್ ದಾಟುವ ವೇಳೆಗೆ ಫಜ್ರ್ ಸಮಯವಾಯಿತು. ವುಝೂ ಮಾಡಿ ಬಂದು ಬಾಗಿಲ ಬಳಿ ನಿಲ್ಲಲು ಜಾಗ ನೋಡುತ್ತಿದ್ದಾಗ ಅವನು ಮೊಬೈಲ್ ತೆಗೆದು ದಿಕ್ಸೂಚಿ ತೆರೆದ. “ಯಾವ ಕಡೆ ಬೇಕು?” ಎಂದ. ಪಶ್ಚಿಮ, ತುಸು ಉತ್ತರಕ್ಕೆ ಎಂದೆವು. ಅವನು ಕೈ ಚಾಚಿ ತೋರಿಸಿದ. ರೈಲು ತಿರುವಿನಲ್ಲಿ ಬಾಗಿದಾಗ ಅವನ ಕೈಯೂ ಬಾಗುತ್ತಿದ್ದುದು ನಮ್ಮ ಕಣ್ಣಂಚಿಗೆ ಕಾಣುತ್ತಿತ್ತು. ಮೊದಲ ರಕಅತ್ತಿನ ಪೂರ್ತಿ ಅವನು ಹಾಗೆಯೇ ಹಿಡಿದು ನಿಂತಿದ್ದ. ಸಲಾಮ್ ಹೇಳಿ ಮುಗಿಸಿದ ಮೇಲೆ ಅವನ ಹೆಸರನ್ನೂ ಅವನ ತಾಯಿಯ ಹೆಸರನ್ನೂ ಕೇಳಿ ದುಆ ಮಾಡಿದೆವು. ಅವನು ಹಿಂದೂ ಮನೆತನದವನು. ಮನೆಯವರು ಅವನ ತೋಳಿಗೆ ಕಟ್ಟಿದ್ದ ಕೆಂಪು ದಾರ ಇಮಾಮ್ ಝಾಮಿನ್ ಕಟ್ಟುವ ಜಾಗದಲ್ಲೇ ಇತ್ತು. ಪ್ರಯಾಣಿಕನ ಪ್ರಾರ್ಥನೆಗೂ ಹೆತ್ತವರ ಪ್ರಾರ್ಥನೆಗೂ ಅಲ್ಲಾಹನ ಬಳಿ ವಿಶೇಷ ಸ್ವೀಕಾರವಿದೆಯೆಂದು ಪ್ರವಾದಿವಚನವಿದೆ. ಆ ಬೋಗಿಯಲ್ಲಿ ಪ್ರಯಾಣಿಕರು ನಾವಿಬ್ಬರೂ ಆಗಿದ್ದೆವು; ಹೆತ್ತವಳು ಹಾಸನದ ಕಡೆಯ ಯಾವುದೋ ಹಳ್ಳಿಯಲ್ಲಿ ಎಚ್ಚರವಾಗಿಯೇ ಇದ್ದಳು. ಯಶವಂತಪುರದಲ್ಲಿ ಅವನು ಇಳಿಯುವಷ್ಟರಲ್ಲಿ ಫೋನು ಮತ್ತೆರಡು ಸಲ ಬಂದಿತ್ತು.

ಕೆಲಸ ಮುಗಿಸಿಕೊಂಡು ನಾವು ಅಂದೇ ಜಯಚಾಮರಾಜೇಂದ್ರ ನಗರದಲ್ಲಿರುವ ಮೈಸೂರು ಲ್ಯಾನ್ಸರ್ಸ್ ಸ್ಮಾರಕವನ್ನು ನೋಡಲು ಹೋದೆವು. ಆಟೋದವರಿಗೆ ಸ್ಮಾರಕ ಗೊತ್ತಿರಲಿಲ್ಲ, ರಸ್ತೆ ಗೊತ್ತಿತ್ತು. ಈಜಿಪ್ಟ್ ಮತ್ತು ಫೆಲೆಸ್ತೀನಿನಲ್ಲಿ ಮಡಿದವರ ಹೆಸರುಗಳು ಅಲ್ಲಿ ಕಲ್ಲಿನಲ್ಲಿವೆ. ನಿಧಾನವಾಗಿ ಓದಿದೆವು. ಬೇರೆ ಬೇರೆ ಜಾತಿ ಧರ್ಮಗಳವರನ್ನು ಕಲ್ಲು ಬೇರೆ ಮಾಡಿಲ್ಲ. ಹಣ್ಣಿನ ಗಾಡಿಯ ಅಜ್ಜನೊಬ್ಬ ಹತ್ತಿರ ಬಂದು, “ಯಾರನ್ನ ಹುಡುಕ್ತಾ ಇದೀರಿ? ನಿಮ್ಮ ಪೈಕಿಯವರಾ?” ಎಂದು ಕೇಳಿದರು. ಹೌದೆಂದೆವು. ಯಾರೆಂದು ಅವರು ಮತ್ತೆ ಕೇಳಲಿಲ್ಲ.

ಅಷ್ಟರಲ್ಲಿ ಲುಹ್‌ರ್‌ನ ಅಝಾನ್ ಕೇಳಿಸಿತು. ಸಮೀಪದ ಮಸೀದಿಗೆ ಹೋದೆವು. ಪ್ರಯಾಣಿಕರಾದ ನಮಗೆ ಎರಡು ರಕಅತ್ತಿನ ರಿಯಾಯಿತಿಯಿತ್ತು. ಆದರೆ ಅಲ್ಲಿ ಜಮಾಅತ್ ನಿಂತಿತ್ತು, ಇಮಾಮರು ಆ ಊರಿನವರೇ. ಊರಿನವರ ಹಿಂದೆ ನಿಂತ ಪ್ರಯಾಣಿಕನು ನಾಲ್ಕನ್ನೂ ಪೂರ್ತಿಗೊಳಿಸಬೇಕೆಂಬುದು ನಿಯಮ. ಸಾಲಿನ ಕೊನೆಯಲ್ಲಿ ನಿಂತು ನಾಲ್ಕನ್ನೂ ಪೂರ್ತಿಗೊಳಿಸಿದೆವು.